ನಾಲ್ಕು ಇಂಚು ನಳಿಗೆ

೧೯೩೬ನೇ ಇಸವಿ ಅಕ್ಟೋಬರ್ ೭, ಬುಧವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಮಧುಗಿರಿ ಪೊಲೀಸ್ ಠಾಣೆಗೆ ಬಂದ ದೂರಿನಲ್ಲಿ, ಕಳುವಾದ ಮಾಲು ಯಾವುದು ಎನ್ನುವ ಕಡೆ ‘ನಾಲ್ಕು ಇಂಚು’ ಎಂದಷ್ಟೇ ಬರೆದಿತ್ತು. ಇನ್ಸ್‌ಪೆಕ್ಟರ್ ವೆಂಕಟರಾಮಯ್ಯ ಅದನ್ನು ಎರಡು ಸಲ ಓದಿದ. ಆಮೇಲೆ ತಲೆಯೆತ್ತಿ, ದೂರು ತಂದವರನ್ನು ನೋಡಿದ.

ಬಂದವರು ಕಡಲೆಕಾಯಿ ಮಂಡಿಯ ನಂದೀಶ್ವರಯ್ಯನವರು. ಅರವತ್ತು ದಾಟಿದ ದೇಹ, ಹಣೆಯ ಮೇಲೆ ಒಣಗಿದ ವಿಭೂತಿ. ಅವರು ಮೇಜಿನ ಮೇಲೆ ಉದ್ದನೆಯ ಖಾಕಿ ಗವಸೊಂದನ್ನು ಮಲಗಿಸಿ, ತುದಿ ಹಿಡಿದು ನೋಡಿ ಎಂದರು. ಹಿಡಿದರೆ ಕೊನೆಯ ನಾಲ್ಕು ಬೆರಳಿನಷ್ಟು ಜಾಗ ಟೊಳ್ಳಾಗಿ ಮಡಚಿಕೊಂಡಿತು.

“ಗವಸು ಅಳತೆ ಕೊಟ್ಟು ಹೊಲಿಸಿದ್ದು. ಅದು ಬೆಳೆದಿಲ್ಲ. ಒಳಗಿನ ಕೋವಿ ಕುಗ್ಗಿದೆ,” ಎಂದರು.

ನಂದೀಶ್ವರಯ್ಯನವರ ಕೋವಿಯ ಹುಚ್ಚು ಊರಿಗೆಲ್ಲ ಗೊತ್ತಿದ್ದದ್ದೇ. ವೆಂಕಟರಾಮಯ್ಯ ಈ ಊರಿಗೆ ಬಂದು ಎಂಟು ತಿಂಗಳಾಗಿತ್ತು. ಅವನ ಕಿವಿಗೂ ಬಿದ್ದಿತ್ತು. ಸೀಮೆಗೆ ವಾಪಸು ಹೊರಟ ತೋಟದ ಬಿಳಿ ದೊರೆಗಳಿಂದ, ಬೆಂಗಳೂರು ದಂಡಿನ ಹರಾಜುಗಳಿಂದ ಮೂವತ್ತು ವರ್ಷ ಅಲೆದು ಹನ್ನೊಂದು ಜೋಡುನಳಿಗೆ ಕೋವಿಗಳನ್ನು ಅವರು ಕೂಡಿಹಾಕಿದ್ದರು. ಎಲ್ಲರೂ ಕೊಳ್ಳುವ ಹನ್ನೆರಡು ಬೋರಿನದನ್ನು ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಬೋರಿನ ಅಂಕಿ ಏರಿದಷ್ಟೂ ನಳಿಗೆಯ ಬಾಯಿ ಸಣ್ಣದಾಗುತ್ತದೆ. ಇವರಿಗೆ ಬೇಕಾದದ್ದು ಇಪ್ಪತ್ತು, ಇಪ್ಪತ್ತೆಂಟು ಬೋರಿನವು ಮಾತ್ರ. ಅದರಲ್ಲೂ ಮೂವತ್ತೆರಡು ಇಂಚು ಉದ್ದದ, ಈಗ ಯಾರೂ ಮಾಡದ ಹಳೆಯ ಕಾಲದವು. ‘ಸಣ್ಣ ಬಾಯಿ, ಉದ್ದ ಕತ್ತು’ ಎಂದು ಒಳ್ಳೆಯ ಹೂಜಿಯನ್ನು ಹೊಗಳಿದ ಹಾಗೆ ಹೊಗಳುತ್ತಿದ್ದರು. ಪೇಟೆಯವರು ಆ ಕೋವಿಗಳಿಗೆ ‘ಸಾಹುಕಾರರ ಕೊಕ್ಕರೆಗಳು’ ಎಂದು ಹೆಸರಿಟ್ಟಿದ್ದರು.

ಆ ಕೊಕ್ಕರೆಗಳು ಒಂದು ಮೀನನ್ನೂ ಹಿಡಿದಿರಲಿಲ್ಲ ಎಂಬುದೇ ವಿಶೇಷ. ಲಿಂಗವಂತರ ಮನೆ, ಮಾಂಸ ಮುಟ್ಟುವುದಿಲ್ಲ, ಜೀವ ತೆಗೆಯುವುದಿಲ್ಲ. ಕುಂಬಾರರಿಂದ ಅಂಗೈಯಗಲದ ಮಣ್ಣಿನ ಬಿಲ್ಲೆ ಮಾಡಿಸಿ, ಭಾನುವಾರ ಬೆಳಿಗ್ಗೆ ಬೆಟ್ಟದ ಹಿಂದೆ ಅವನ್ನು ಗಾಳಿಗೆ ಎಸೆಸಿ ಹೊಡೆಯುತ್ತಿದ್ದರು. ಎಸೆಯುತ್ತಿದ್ದವನು ದೊಡ್ಡರಂಗಪ್ಪ.

“ಯಾರ ಮೇಲಾದರೂ ಅನುಮಾನ?”

“ಅನುಮಾನ ಯಾಕೆ, ಅವನೇ. ದೊಡ್ಡರಂಗಪ್ಪ.”

ಮೂವತ್ತು ವರ್ಷದಿಂದ ಮನೆಯಲ್ಲಿದ್ದವನು. ಲೈಸೆನ್ಸಿನಲ್ಲಿ ಕೋವಿ ಹಿಡಿಯುವ ಆಳು ಎಂದು ಅವನ ಹೆಸರಿದೆ, ಕೋವಿ ಕೋಣೆಯ ಬೀಗದಕೈ ಅವನ ಸೊಂಟದಲ್ಲಿರುತ್ತಿತ್ತು. ಅಧಿಕ ಭಾದ್ರಪದ ಎಂದು ಸಾಹುಕಾರರು ಒಂದು ತಿಂಗಳು ಕೋವಿ ಮುಟ್ಟಿರಲಿಲ್ಲ. ಆಮೇಲೆ ಗೌರಿಹಬ್ಬ, ಆಮೇಲೆ ಪಕ್ಷಮಾಸ. ನವರಾತ್ರಿಗೆ ಎಣ್ಣೆ ಹಾಕೋಣವೆಂದು ನಿನ್ನೆ ಸಂಜೆ ಗವಸು ಬಿಚ್ಚಿದಾಗ ಕಣ್ಣಿಗೆ ಬಿತ್ತು. ಕೇಳಿದರೆ ದೊಡ್ಡರಂಗಪ್ಪ ಬಾಯಿ ಬಿಡಲಿಲ್ಲವಂತೆ. ಬೀಗದಕೈಯನ್ನು ಹೊಸಿಲ ಮೇಲಿಟ್ಟು ಮಿಡಿಗೇಶಿ ಪಕ್ಕದ ತನ್ನ ಹಳ್ಳಿಗೆ ಹೊರಟುಹೋದನಂತೆ.

“ಕತ್ತರಿಸಿ ಅವನಿಗೆ ಏನು ಲಾಭ?”

“ಗಿಡ್ಡ ಕೋವಿ ಕಂಬಳಿಯೊಳಗೆ ಅಡಗುತ್ತೆ. ಮೊದಲು ಬೇಟೆಯವನು ತಾನೆ ಅವನು? ನಮ್ಮ ಮನೆ ಕೋವಿ ಇವತ್ತಿನವರೆಗೆ ಒಂದು ಇರುವೆಯನ್ನೂ ಕೊಂದಿಲ್ಲ ಸ್ವಾಮಿ. ಅವನು ಏನನ್ನು ಕೊಂದ, ಅದು ಗೊತ್ತಾಗಬೇಕು ನನಗೆ. ನಾಲ್ಕು ಇಂಚು ಹಾಳಾಗಿ ಹೋಗಲಿ.”

ಸೇವಕನಿಂದ ಕಳವು ಎಂದು ೩೮೧ನೇ ಕಲಮಿನ ಕೆಳಗೆ ಎಫ್.ಐ.ಆರ್. ದಾಖಲಾಯಿತು. ದಫೇದಾರ್ ಗಂಗಹನುಮಯ್ಯ ಒತ್ತುಕಾಗದದಿಂದ ಮಸಿ ಒತ್ತುತ್ತ, ಮಾಲು ನಾಲ್ಕು ಇಂಚು, ಕಾಗದ ಮಾತ್ರ ನಾಲ್ಕು ಮೊಳ ಆಯಿತು ಎಂದು ಗೊಣಗಿದ. ಅವನು ಇಲ್ಲಿಯವನೇ, ಪೊಲೀಸಿನಲ್ಲಿ ಇಪ್ಪತ್ತು ವರ್ಷ ಸವೆದವನು. ಇನ್ಸ್‌ಪೆಕ್ಟರನ ಬರೆಯುವ ಚಟ ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರು ಅರ್ಧ ಪುಟದಲ್ಲಿ ಮುಗಿಸುವ ಡೈರಿಯನ್ನು ವೆಂಕಟರಾಮಯ್ಯ ಮೂರು ಪುಟ ಬರೆಯುತ್ತಿದ್ದ. ಒಂದು ಘಟನೆಗೆ ಕಾರಣ ಬರೆಯದೆ ಬಿಟ್ಟರೆ ಅದು ನಡೆದೇ ಇಲ್ಲವೇನೋ ಎನ್ನಿಸುವ ಜಾತಿಯ ಮನುಷ್ಯ ಅವನು.

ಹನ್ನೊಂದು ಗಂಟೆಗೆ ಸಾಹುಕಾರರ ಮನೆಯಲ್ಲಿ ಸ್ಥಳದ ಪಂಚನಾಮೆ ನಡೆಯಿತು. ಗೋಡೆಗೆ ಸಾಲಾಗಿ ಮರದ ಗೂಟಗಳು, ಒಂದೊಂದರ ಮೇಲೂ ಒಂದು ಕೋವಿ. ಕತ್ತರಿಸಿದ ಕೋವಿಯ ಜಾಗ ಕೊನೆಯಲ್ಲಿ, ಕಿಟಕಿಯ ಪಕ್ಕ. ವೆಂಕಟರಾಮಯ್ಯ ಅದರ ಬಾಯಿಯ ಮೇಲೆ ಬೆರಳಾಡಿಸಿದ. ಕತ್ತರಿಸಿದ ಗುರುತೇ ಸಿಗದಷ್ಟು ನುಣುಪಾಗಿ ಅರದಿಂದ ತಿಕ್ಕಲಾಗಿತ್ತು. ಹೊಲದಲ್ಲಿ ಕೂತು ಗರಗಸ ಆಡಿಸಿದ ಕೆಲಸವಲ್ಲ ಇದು, ಕೈ ಪಳಗಿದವನದು.

ಆ ಕೊನೆಯ ಗೂಟದ ಕೆಳಗೆ ಮಾತ್ರ ಗೋಡೆಯಲ್ಲಿ ಅರಿಸಿನ ಕುಂಕುಮದ ಬೊಟ್ಟು, ಅದರ ಮೇಲೆ ದೀಪದ ಕಾಡಿಗೆ. ಇದೇನೆಂದು ಕೇಳಿದ್ದಕ್ಕೆ ಸಾಹುಕಾರರು ಹೆಂಗಸರದು ಏನೋ ಇರಬೇಕು ಎಂದುಬಿಟ್ಟರು.

ಸೋಮವಾರ ಸೋಮವಾರ ಕೋವಿಗಳ ಧೂಳು ಒರೆಸುತ್ತಿದ್ದವಳು ಸೊಸೆ ಜಗದಾಂಬ. ಅವಳ ಹೇಳಿಕೆಯನ್ನು ಬಾಗಿಲ ಮರೆಯಿಂದಲೇ ತೆಗೆದುಕೊಂಡರು. ಕೋವಿ ಗಿಡ್ಡವಾದದ್ದು ಗೊತ್ತಿತ್ತೇ ಎಂದರೆ ಗೊತ್ತಿಲ್ಲ. ಶ್ರಾವಣ ಕಳೆದ ಮೇಲೆ ಗವಸು ಬಿಚ್ಚಿಲ್ಲ, ಮೇಲೆಯೇ ಒರೆಸಿದ್ದು. ದೊಡ್ಡರಂಗಪ್ಪ ಅದನ್ನು ಹೊರಗೆ ಒಯ್ದದ್ದನ್ನು ನೋಡಿದ್ದೀರಾ ಎಂದರೆ ಇಲ್ಲ. ಕಾಗದ ಮಡಚುವಾಗ ಅವಳೇ ಮೆಲ್ಲಗೆ ಹೇಳಿದಳು: “ಅವನಿಗೆ ಬೇಡಿ ಹಾಕಬೇಡಿ. ಯಾರಿಗೂ ಕೆಡುಕು ಮಾಡೋ ಕೈಯಲ್ಲ ಅದು.”

ಹೊರಗೆ ಬಂದ ಮೇಲೆ ಗಂಗಹನುಮಯ್ಯ, ಆಕೆ ಬಸುರಿ, ಈಗ ಮೂರು ತಿಂಗಳು ತುಂಬಿದೆ ಎಂದು ತಿಳಿಸಿದ. ಮದುವೆಯಾಗಿ ಒಂಬತ್ತು ವರ್ಷ. ಹಿಂದೆ ಎರಡು ಸಲ ನಿಂತದ್ದು ಹೋಗಿತ್ತು. ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿದು ಕೂತಿದೆಯಂತೆ. ಈ ಸಂಗತಿ ಕೇಸಿಗೆ ಸಂಬಂಧವಿಲ್ಲವೆಂದು ವೆಂಕಟರಾಮಯ್ಯ ಬರೆದುಕೊಳ್ಳಲಿಲ್ಲ.

ಸಂಜೆ ನಾಲ್ಕಕ್ಕೆ ಬೆಟ್ಟದ ಹಿಂದೆ ಪರೀಕ್ಷೆ ನಡೆಯಿತು. ಇಪ್ಪತ್ತು ಹೆಜ್ಜೆ ದೂರದಲ್ಲಿ ಎರಡು ದೊಡ್ಡ ಕಾಗದ ಕಟ್ಟಿಸಿ, ಮೊದಲು ಸರಿಯಿದ್ದ ಕೋವಿಯಿಂದ, ಆಮೇಲೆ ಕತ್ತರಿಸಿದ ಕೋವಿಯಿಂದ ಸಾಹುಕಾರರೇ ಹೊಡೆದರು. ಮೊದಲನೆಯ ಕಾಗದದಲ್ಲಿ ಚರೆಯ ತೂತುಗಳೆಲ್ಲ ಒಂದು ಊಟದ ತಟ್ಟೆಯಗಲಕ್ಕೆ ಒತ್ತಾಗಿ ಬಿದ್ದಿದ್ದವು. ಎರಡನೆಯದರಲ್ಲಿ ರಾಗಿ ಚೆಲ್ಲಿದ ಹಾಗೆ ಅಲ್ಲೊಂದು ಇಲ್ಲೊಂದು. ನಳಿಗೆ ತುದಿಯಲ್ಲಿ ಕೂದಲೆಳೆಯಷ್ಟು ಬಿಗಿಯಾಗಿರುತ್ತದೆ, ಚರೆಯನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ ಹಿಡಿದು ಬಿಡುವುದು ಆ ತುದಿಯೇ, ಅದು ಹೋದರೆ ಕೋವಿ ಹೋಯಿತು ಎಂದು ಸಾಹುಕಾರರು ವಿವರಿಸಿದರು. ಒಂದು ಬಿಲ್ಲೆಯನ್ನು ಹೊಡೆದು ತೋರಿಸುತ್ತೇನೆಂದವರು ಸುಮ್ಮನೆ ನಿಂತರು. ಎಸೆಯುವವನು ಇರಲಿಲ್ಲ. ಗಂಗಹನುಮಯ್ಯ ಎಸೆದ, ಅದು ಅವನ ಕಾಲ ಬುಡದಲ್ಲೇ ಬಿದ್ದು ಒಡೆಯಿತು.

“ಬೇಟೆಯಾಡುವವನು ಈ ತುದಿಯನ್ನು ಕತ್ತರಿಸುತ್ತಾನೆಯೇ?” ವೆಂಕಟರಾಮಯ್ಯ ಕೇಳಿದ.

ಸಾಹುಕಾರರು ಬಹಳ ಹೊತ್ತು ಕಾಗದವನ್ನೇ ನೋಡುತ್ತಿದ್ದರು. “ಇಲ್ಲ,” ಎಂದರು ಕೊನೆಗೆ. “ದೊಡ್ಡರಂಗಪ್ಪನಂತೂ ಕತ್ತರಿಸುವವನಲ್ಲ. ಈ ಬಿಗಿ ಎಲ್ಲಿದೆ ಅಂತ ಮೊದಲು ನನಗೆ ಬೆರಳು ಹಿಡಿದು ತೋರಿಸಿದವನೇ ಅವನು.”

ಹಾಗಾದರೆ ಆ ನಾಲ್ಕು ಇಂಚು ಯಾರಿಗೂ ಬೇಕಾಗಿರಲಿಲ್ಲ. ಕಣ್ಣಿಗೆ ಬೀಳಬಾರದಾಗಿತ್ತು ಅಷ್ಟೆ. ವೆಂಕಟರಾಮಯ್ಯ ಅದನ್ನು ಡೈರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದ.

ಮಾರನೆಯ ದಿನ, ಅಕ್ಟೋಬರ್ ೮, ಮೊದಲನೆಯ ಬಸ್ಸಿನಲ್ಲಿ ಇಬ್ಬರೂ ಸಿರಾಕ್ಕೆ ಹೋದರು. ನಾಲ್ಕು ತಾಲ್ಲೂಕಿನಲ್ಲಿ ಕೋವಿ ದುರಸ್ತಿಗೆ ಲೈಸೆನ್ಸಿದ್ದವರು ಇಬ್ಬರೇ. ಕೊರಟಗೆರೆಯವನಿಗೆ ಲಕ್ವ ಹೊಡೆದು ವರ್ಷವಾಗಿತ್ತು. ಉಳಿದವರು ಸಿರಾದ ಪೀರನ್ ಸಾಬರು. ರಿಜಿಸ್ಟರು ಕೇಳುವ ಮೊದಲೇ ಅವರು ಅದನ್ನು ತೆಗೆದು ಮುಂದಿಟ್ಟರು. ಆಗಸ್ಟ್ ೧೨ರ ಸಾಲಿನಲ್ಲಿ ಸಾಹುಕಾರರ ಲೈಸೆನ್ಸಿನ ನಂಬರು, ದೊಡ್ಡರಂಗಪ್ಪನ ಹೆಬ್ಬೆಟ್ಟು, ಬೋರು ೨೮, ಉದ್ದ ೩೨ ಹೋಗಿ ೨೮. ಬೋರೂ ಇಪ್ಪತ್ತೆಂಟು ಉದ್ದವೂ ಇಪ್ಪತ್ತೆಂಟು, ಬರೆದದ್ದು ತಪ್ಪಲ್ಲವೇ ಎಂದು ಗಂಗಹನುಮಯ್ಯ ಸಾಬರನ್ನು ಗದರಿದ. ಇಷ್ಟು ವರ್ಷ ನಿಮ್ಮ ಕಚೇರಿಯವರು ಯಾವುದು ಬೋರು ಯಾವುದು ಉದ್ದ ಗೊತ್ತಾಗದೆ ಅದಲು ಬದಲು ಬರೆಯುತ್ತಿದ್ದರು, ಈಗ ಹೆಂಗೆ ಬರೆದರೂ ಸರಿ ಎಂದು ಸಾಬರು ಹಲ್ಲಿಲ್ಲದ ಬಾಯಲ್ಲಿ ನಕ್ಕರು.

ನಗು ಬೇಗ ಹೋಯಿತು. ದೊಡ್ಡರಂಗಪ್ಪ ರಾಗಿ ಚೀಲದಲ್ಲಿ ಕೋವಿ ತಂದಿದ್ದ, ಯಜಮಾನರ ಅಪ್ಪಣೆಯಾಗಿದೆ ಎಂದಿದ್ದ ಎಂದು ಸಾಬರು ಹೇಳಿದರು. ಎಡಗಡೆಯ ನಳಿಗೆಯ ಬಾಯಿ ಒಡೆದಿತ್ತು. ಒಳಗೆ ಏನೋ ಅಡ್ಡ ಇದ್ದಾಗ ಹೊಡೆದರೆ ಹಾಗಾಗುತ್ತದೆ.

“ಕಾಟ್ನಾ ಅಂದ್ರೆ ನಂಗೂ ದಿಲ್ ಬರ್ಲಿಲ್ಲ ಹುಜೂರ್. ಐವತ್ತು ವರ್ಷದ ಮಾಲು. ಆ ಆದ್ಮಿ ಪಕ್ಕದಲ್ಲೇ ಕೂತಿದ್ದ. ಗರಗಸ ಇಟ್ಟಾಗ ಮುಖ ಆ ಕಡೆ ಮಾಡ್ಬಿಟ್ಟ.”

“ತುಂಡು ಎಲ್ಲಿ?”

“ಅವನೇ ತಗೊಂಡ. ಬಟ್ಟೆಯಲ್ಲಿ ಸುತ್ತಿ, ಮಗು ಎತ್ಕೊಂಡಂಗೆ.”

ಅಕ್ಟೋಬರ್ ೯, ಶುಕ್ರವಾರ, ಹನ್ನೊಂದೂವರೆಗೆ ಅವರು ಮಿಡಿಗೇಶಿ ಕೋಟೆಬೆಟ್ಟದ ಬುಡದ ಹಳ್ಳಿಯನ್ನು ಮುಟ್ಟಿದರು. ದೊಡ್ಡರಂಗಪ್ಪ ಓಡಿಹೋಗಿರಲಿಲ್ಲ. ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಒಣಕಲು ಮೈ, ಬಿಲ್ಲೆ ಎಸೆದು ಎಸೆದು ಎಡಕ್ಕಿಂತ ದಪ್ಪವಾದ ಬಲಗೈ. ಪೊಲೀಸರನ್ನು ಕಂಡು ಎದ್ದು ನಿಂತು, ಹೆಂಡತಿ ಮುನಿಯಮ್ಮನಿಗೆ ನೀರು ತರಲು ಹೇಳಿದ. ಶೋಧಿಸುವ ಮೊದಲೇ ಜಂತೆಯ ಸಂದಿಯಿಂದ ಬಟ್ಟೆಯ ಗಂಟನ್ನು ತಾನೇ ಇಳಿಸಿಕೊಟ್ಟ.

ಇಬ್ಬರು ಪಂಚರ ಮುಂದೆ ಗಂಟು ಬಿಚ್ಚಿದರು. ಅಂಟಿಕೊಂಡ ಎರಡು ನಳಿಗೆಗಳ ತುಂಡು. ಬಲಗಡೆಯದು ಸರಿಯಾಗಿತ್ತು. ಎಡಗಡೆಯದು ಬಾಳೆಯ ಹೂವು ಬಿರಿದ ಹಾಗೆ ಬಿರಿದು ಹೊರಕ್ಕೆ ಮಗುಚಿಕೊಂಡಿತ್ತು. ಅದರ ಜೊತೆ ಎಲೆಯಲ್ಲಿ ಮಡಚಿದ ಒಂದು ಚಿಟಿಕೆ ಒಣಮಣ್ಣು.

“ಯಾವಾಗ ಹೊಡೆದೆ?”

“ಆಗಸ್ಟ್ ಹತ್ತು. ಸೋಮವಾರ.”

“ಯಾಕೆ?”

“ತಿಂಗಳಿಗೊಂದು ಕಿತ ಹಲಗೆಗೆ ಎರಡು ಹೊಡೆದು ನೋಡೋದು ಸಾಮಿ. ಬುದ್ಧಿಯೋರ ಅಪ್ಪಣೆನೇ ಐತೆ.”

“ನಳಿಗೆಯಲ್ಲಿ ಏನಿತ್ತು?”

“ನೆಲಕ್ಕೆ ತಗುಲಿತ್ತು. ಮಣ್ಣು ಮೆತ್ಕೊಂಡಿತ್ತು.”

ಗಂಗಹನುಮಯ್ಯ ಎಲೆಯ ಮೇಲಿನ ಮಣ್ಣನ್ನು ಕಡ್ಡಿಯಿಂದ ಕೆದಕುತ್ತಿದ್ದವನು ಕೈ ನಿಲ್ಲಿಸಿದ. “ರಂಗಪ್ಪಣ್ಣ, ಇದು ನೆಲದ ಮಣ್ಣಲ್ಲ ಕಣಣ್ಣ. ಕುಂಬಾರನ ಹುಳ ಗೂಡಿಗೆ ಅಂತ ಉಂಡೆ ಕಟ್ಟಿ ತಂದಿರೋದು. ನೋಡು, ಮರಿ ಐತೆ.”

ಅಕ್ಕಿಕಾಳಿನಂಥ ಬಿಳಿಯ ಹುಳುವೊಂದು ಒಣಗಿ ಮಣ್ಣಿಗೆ ಅಂಟಿತ್ತು. ದೊಡ್ಡರಂಗಪ್ಪ ಅದನ್ನು ನೋಡಲಿಲ್ಲ. ನಳಿಗೆಯ ಬಾಯಲ್ಲಿ ಗೂಡು ಕಟ್ಟಿದ ಹುಳ ಅವನಿಗೆ ಕಾಣಲಿಲ್ಲವೇ, ಯಜಮಾನರಿಗೆ ಅದನ್ನೇ ಹೇಳಿದ್ದರೆ ಬೈಗುಳದಲ್ಲಿ ಮುಗಿಯುತ್ತಿರಲಿಲ್ಲವೇ ಎಂದು ವೆಂಕಟರಾಮಯ್ಯ ಕೇಳಿದ. ದೊಡ್ಡರಂಗಪ್ಪ ಹಗ್ಗವನ್ನು ಕೈಗೆತ್ತಿಕೊಂಡ. ಇನ್ನೊಂದು ಸಲ ಕೇಳಿದ. ಆಮೇಲೆ ಏನೋ ಹೊಳೆದು ಪಂಚರನ್ನೂ ಮುನಿಯಮ್ಮನನ್ನೂ ಹೊರಗೆ ಕಳಿಸಿದ.

“ಗೂಡಿನ ವಿಷಯ ಇನ್ಯಾರಿಗೆ ಗೊತ್ತಿತ್ತು?”

“ಅದೊಂದು ಕೇಳಬೇಡಿ.”

“ಗೂಟದ ಕೆಳಗೆ ಕುಂಕುಮ ಇಟ್ಟವರು ಯಾರು?”

ದೊಡ್ಡರಂಗಪ್ಪ ಹಗ್ಗದ ತುದಿಯನ್ನು ಬಿಚ್ಚಿದ, ಮತ್ತೆ ಹೊಸೆದ. ಹೇಳತೊಡಗಿದಾಗ ತಡೆಯಿಲ್ಲದೆ ಹೇಳಿದ.

ಶ್ರಾವಣದ ಮೊದಲಲ್ಲಿ ಕೋವಿಗಳನ್ನು ಗವಸು ತೆಗೆದು ಗಾಳಿಗಿಟ್ಟಿದ್ದಾಗ ಕಿಟಕಿಯಿಂದ ಬಂದ ಆ ಕಣಜದಂಥ ಹುಳ ಕೊನೆಯ ಕೋವಿಯನ್ನು ಹುಡುಕಿಕೊಂಡಿತ್ತು. ಹನ್ನೆರಡು ಬೋರಿನ ಬಾಯಾದರೆ ಅದಕ್ಕೆ ದೊಡ್ಡದು. ಈ ಸಣ್ಣ ಬಾಯಿ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಅವನು ಕಡ್ಡಿ ಹಾಕಿ ತಿವಿಯಲು ಹೋದಾಗ ಸೊಸೆ ಬಂದು ಕೈ ಹಿಡಿದಳು. ಕುಂಬಾರನ ಹುಳ ಮನೆಯೊಳಗೆ ಗೂಡು ಕಟ್ಟಿದರೆ ಆ ಮನೆಯಲ್ಲಿ ತೊಟ್ಟಿಲು ತೂಗುತ್ತದೆ, ಮರಿ ಹಾರುವ ತನಕ ಗೂಡು ಒಡೆಯಬಾರದು ಎಂಬುದು ಅವಳ ತವರಿನವರೂ ಇಲ್ಲಿಯವರೂ ಸಮನಾಗಿ ನಂಬಿದ ಮಾತು. ಅವಳಿಗೆ ಆ ವಾರವೇ ಮುಟ್ಟು ನಿಂತಿತ್ತು. ಗಂಡನಿಗೂ ಹೇಳಿರಲಿಲ್ಲ, ಈ ಮುದುಕನಿಗೆ ಹೇಳಿದಳು. ಅವನು ಮಾತು ಕೊಟ್ಟ. ದಿನಾ ಸಂಜೆ ಅವಳು ಅಲ್ಲಿ ಒಂದು ದೀಪ ಇಟ್ಟುಹೋಗುತ್ತಿದ್ದಳು.

“ನಲವತ್ತು ವರ್ಸದಿಂದ ನಳಿಗೆಯೊಳಗೆ ಕಣ್ಣಿಟ್ಟು ನೋಡದೆ ತೋಟಾ ಹಾಕಿಲ್ಲ ಸಾಮಿ. ಅವತ್ತೂ ನೋಡ್ದೆ. ಬಲಗಡೇದ್ರಲ್ಲಿ ಆಕಾಸ ಕಾಣ್ತು. ಎಡಗಡೇದು ನೋಡಬೇಕು ಅನ್ನೋವಾಗ ಕೆಳಗಡೆಯಿಂದ ಕುರಿಯೋನು ಕೂಗ್ದ, ಹೊಲದ ಕೆಲಸಕ್ಕೆ ಎಂಟಾಳು ಬಂದವ್ರೆ ಅಂತ. ಓ ಅಂದೆ. ಓ ಅಂದು ಕೋವಿ ಮುಚ್ಚಿಬುಟ್ಟೆ. ಗೂಡು ನೆಪ್ಪಿಗೇ ಬರಲಿಲ್ಲ. ಅಷ್ಟೇಯ.”

“ಆಕೆಗೆ ಏನು ಹೇಳಿದೆ?”

“ಹಾರಿಹೋದೋ ಕಣವ್ವ, ಎರಡು ಮರಿ, ನಾನೇ ಕಣ್ಣಾರೆ ನೋಡ್ದೆ ಅಂದೆ. ಕೈ ಮುಗಿದ್ರು ನಂಗೆ.” ಅವನು ಹಗ್ಗವನ್ನು ಪಕ್ಕಕ್ಕಿಟ್ಟ. “ಈಗ ಮೂರು ತುಂಬೈತೆ. ಹಿಂದೆ ಎರಡೂ ಹೋಗಿದ್ದು ನಾಕನೇದ್ರಲ್ಲೇ. ಜೈಲಿಗೆ ಹಾಕಿ ಸಾಮಿ, ನಾನು ಬರ್ತೀನಿ. ಇದೊಂದು ಕಾಗದಕ್ಕೆ ಹತ್ತಬಾರದು.”

ಹುಳದ ಗೂಡಿಗೂ ಹೆಂಗಸಿನ ಹೊಟ್ಟೆಗೂ ಏನು ಸಂಬಂಧ ಎಂದು ಕೇಳಬೇಕೆನ್ನಿಸಿತು ವೆಂಕಟರಾಮಯ್ಯನಿಗೆ. ಮೈಸೂರಿನ ಕಾಲೇಜಿನಲ್ಲಿ ಓದುವಾಗಲಾದರೆ ಕೇಳಿಯೇ ಬಿಡುತ್ತಿದ್ದ. ಆದರೆ ಇದು ನಂಬುವ, ಬಿಡುವ ಮಾತಾಗಿರಲಿಲ್ಲ. ಅವಳು ನಂಬಿದ್ದಳು, ಅಲ್ಲಿಗೆ ಅದು ಮೈಯೊಳಗೆ ಇಳಿದು ರಕ್ತದಷ್ಟೇ ನಿಜವಾಗಿತ್ತು. ಅದನ್ನು ಈ ಅಕ್ಷರ ಬಾರದ ಮುದುಕ ತಿಳಿದುಕೊಂಡಿದ್ದ, ತಾನು ಈಗ ತಿಳಿದುಕೊಳ್ಳುತ್ತಿದ್ದ.

ಪಂಚರನ್ನು ಒಳಗೆ ಕರೆದು ಪಂಚನಾಮೆ ಹೇಳಿ ಬರೆಸಿದ. ಒಡೆದ ನಳಿಗೆ ತುಂಡು ಒಂದು. ಒಣಮಣ್ಣು ಸ್ವಲ್ಪ. ಗಂಗಹನುಮಯ್ಯ ಲೇಖನಿ ಎತ್ತಿ ಹಿಡಿದು ಮುಂದಿನ ಮಾತಿಗೆ ಕಾದ.

“ಅಷ್ಟೇ,” ಎಂದ ವೆಂಕಟರಾಮಯ್ಯ. ಮಧ್ಯಾಹ್ನ ಒಂದೂವರೆಗೆ ದೊಡ್ಡರಂಗಪ್ಪನನ್ನು ದಸ್ತಗಿರಿ ಮಾಡಿದ. ಬೇಡಿ ಹಾಕಲಿಲ್ಲ.

ಸಂಜೆ ಐದಕ್ಕೆ, ಕೋವಿ ತೆಗೆದ ಜಾಗವನ್ನು ಆರೋಪಿಯಿಂದ ತೋರಿಸಲು ಸಾಹುಕಾರರ ಮನೆಗೆ ಕರೆತಂದರು. ದೊಡ್ಡರಂಗಪ್ಪ ಗೂಟವನ್ನು ತೋರಿಸಿದ. ಸಾಹುಕಾರರು ಅವನ ಕಡೆ ನೋಡದೆ ಇನ್ಸ್‌ಪೆಕ್ಟರನನ್ನು ಕೇಳಿದರು:

“ಏನನ್ನು ಕೊಂದ?”

“ಏನನ್ನೂ ಕೊಂದಿಲ್ಲ. ಹಲಗೆಗೆ ಹೊಡೆದ. ನಳಿಗೆಯಲ್ಲಿ ಮಣ್ಣು ಕಟ್ಟಿತ್ತು, ಬಾಯಿ ಒಡೆಯಿತು. ಹೆದರಿ ಕತ್ತರಿಸಿದ.”

“ಯಾರಿಗೆ ಹೆದರಿ?”

ಹಿಂದಿನಿಂದ ದೊಡ್ಡರಂಗಪ್ಪನೇ ಹೇಳಿದ: “ನಿಮಗೇ ಬುದ್ಧಿ.”

ಸಾಹುಕಾರರ ಮುಖ ಕಳೆಗುಂದಿತು. ನಳಿಗೆ ಒಡೆದದ್ದಕ್ಕೆ, ಕತ್ತರಿಸಿದ್ದಕ್ಕೆ ಬಾರದ ನೋವು ಈಗ ಬಂದಿತ್ತು. “ಮೂವತ್ತು ವರ್ಷ,” ಎಂದರು. “ಮೂವತ್ತು ವರ್ಷ ಒಂದೇ ಬುತ್ತಿ ಬಿಚ್ಚಿ ತಿಂದಿದೀವಿ ಕಣೋ, ನನಗೆ ಹೆದರಿದೆಯಾ?” ದೊಡ್ಡರಂಗಪ್ಪ ತಲೆ ತಗ್ಗಿಸಿದ. ಅವರು ಮೇಲುಹೊದಿಕೆ ಸರಿಮಾಡಿಕೊಂಡು ಒಳಗೆ ಹೋಗಿಬಿಟ್ಟರು.

ಆಗ ಬಾಗಿಲ ಮರೆಯಿಂದ ಜಗದಾಂಬ ಮಾತಾಡಿದಳು. ಹೊರಗಿನ ಗಂಡಸರ ಎದುರಿಗೆ ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು.

“ಮಣ್ಣು ಅಂದ್ರಲ್ಲ... ಅದು ಮರಿ ಹಾರಿದ ಮೇಲಿನದಾ, ಮುಂಚಿನದಾ?”

ಗಂಗಹನುಮಯ್ಯ ಕೈಯಲ್ಲಿದ್ದ ಗಂಟನ್ನು ಬೆನ್ನ ಹಿಂದಕ್ಕೆ ಸರಿಸಿದ. ವೆಂಕಟರಾಮಯ್ಯ ಸರ್ಕಾ‌ರದ ಬಟ್ಟೆ ಹಾಕಿ ಆರು ವರ್ಷವಾಗಿತ್ತು. ಕಂಡದ್ದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳಿರಲಿಲ್ಲ, ಕಡಿಮೆಯೂ ಹೇಳಿರಲಿಲ್ಲ.

“ಹಾರಿದ ಮೇಲಿನದಮ್ಮ,” ಎಂದ. “ಖಾಲಿ ಗೂಡು. ಎರಡು ತೂತಿದ್ದವು. ನಾನೇ ನೋಡಿದೆ.”

ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಆಮೇಲೆ ಹೆಜ್ಜೆಗಳು ನಿಧಾನವಾಗಿ ಒಳಮನೆಗೆ ಹೋದವು.

ಆರೂಕಾಲಿಗೆ ಠಾಣೆಯಲ್ಲಿ ದೀಪ ಹಚ್ಚಿಸಿ ದಸ್ತಗಿರಿಯ ಕಾಗದ ಮುಗಿಸಲು ಕೂತ. ಜಾಮೀನಿಗೆ ಸಾಹುಕಾರರ ಮನೆಯಿಂದ ಯಾರೂ ಬರಲಿಲ್ಲ. ಬರುವುದೂ ಇಲ್ಲವೆಂದು ದೊಡ್ಡರಂಗಪ್ಪನಿಗೆ ಗೊತ್ತಿತ್ತು. ಹೆಸರು, ವಯಸ್ಸು, ಕಲಮು, ವಶಪಡಿಸಿದ ಮಾಲು ಎಲ್ಲ ತುಂಬಿ, ಕೃತ್ಯಕ್ಕೆ ಪ್ರೇರಣೆ ಎಂಬ ಕಡೆ ಬಂದಾಗ ವೆಂಕಟರಾಮಯ್ಯ ಲೇಖನಿಯನ್ನು ಎರಡು ಸಲ ಮಸಿಗೆ ಅದ್ದಿದ. ‘ಭಯ’ ಎಂದು ಬರೆದ.

ಭುಜದ ಮೇಲಿಂದ ನೋಡುತ್ತಿದ್ದ ಗಂಗಹನುಮಯ್ಯ ಕೇಳಿದ: “ಯಾರ ಭಯ, ಯಾತರ ಭಯ ಅಂತ ಬರೆಯಲ್ವಾ ಸಾಮಿ?”

“ಜಾಗ ಇಲ್ಲ.”

ಗಂಗಹನುಮಯ್ಯ ಸರಿ ಎಂದು ಕಾಗದ ತೆಗೆದುಕೊಂಡು ಮಸಿ ಒತ್ತಿದ. ಆ ಒಂದು ಪದದ ಕೆಳಗೆ ಇನ್ನೂ ಮೂರು ಸಾಲು ಖಾಲಿ ಇದ್ದವು.